ಬ್ಲಫ್ (ಪೋಕರ್)

ಬ್ಲಫ್ ಎಂಬುದು ಪೋಕರ್ ಎಂಬ ಇಸ್ಪೀಟು ಆಟದಲ್ಲಿ ಬಳಕೆಯಲ್ಲಿರುವ ಒಂದು ತಂತ್ರ. ದುರ್ಬಲ ಎಲೆಗಳನ್ನು ಹೊಂದಿರುವ ಆಟಗಾರನು ಬಲವಾದ ಎಲೆಗಳಿರುವವನಂತೆ ಪಣ ಹೂಡಿ, ತನಗಿಂತ ಉತ್ತಮ ಎಲೆಗಳಿರುವ ಎದುರಾಳಿಯು ಆಟದಿಂದ ಹಿಂದೆ ಸರಿಯುವಂತೆ ಮಾಡುವುದೇ ಇದರ ಉದ್ದೇಶ. ಎದುರಾಳಿ ಹಿಂದೆ ಸರಿದರೆ ಎಲೆಗಳನ್ನು ತೋರಿಸುವ ಪ್ರಸಂಗವೇ ಬರುವುದಿಲ್ಲವಾದ್ದರಿಂದ ಬ್ಲಫ್ ಮಾಡಿದವನು ಪಾಟ್ ಅನ್ನು, ಅಂದರೆ ಮೇಜಿನ ಮಧ್ಯದಲ್ಲಿ ಸೇರಿರುವ ಪಣದ ಮೊತ್ತವನ್ನು, ಪಡೆಯುತ್ತಾನೆ.

ಜನಪ್ರಿಯ ಕಲ್ಪನೆಯಲ್ಲಿ ಬ್ಲಫ್ ಧೈರ್ಯ ಮತ್ತು ಮುಖಭಾವದ ವಿಷಯವಾಗಿದ್ದರೂ, ಅದರ ಲಾಭ-ನಷ್ಟವು ಮುಖ್ಯವಾಗಿ ಎದುರಾಳಿ ಹಿಂದೆ ಸರಿಯುವ ಸಂಭವನೀಯತೆಯನ್ನು ಅವಲಂಬಿಸಿದೆ. ಹೀಗಾಗಿ ಜಾಗರೂಕ ಆಟಗಾರರನ್ನು ಬ್ಲಫ್‌ಗೆ ಅತ್ಯಂತ ಸೂಕ್ತ ಎದುರಾಳಿಗಳೆಂದು ಪರಿಗಣಿಸಲಾಗುತ್ತದೆ. ಆದರೆ ಅದೇ ಜಾಗರೂಕತೆಯ ಕಾರಣದಿಂದ, ಅಂತಹ ಆಟಗಾರರು ಹಿಂದೆ ಸರಿಯದೆ ಉಳಿದಾಗ ಅವರ ಬಳಿ ಬಲವಾದ ಎಲೆಗಳಿರುವ ಸಾಧ್ಯತೆಯೂ ಹೆಚ್ಚು. ಕಡಿಮೆ ಪಣದ ಆಟಗಳಲ್ಲಿ ಈ ವ್ಯತ್ಯಾಸವು ವಿಶೇಷ ಮಹತ್ವ ಪಡೆಯುತ್ತದೆ.

## ಹಿನ್ನೆಲೆ

ಪೋಕರ್ ಅನ್ನು 52 ಎಲೆಗಳ ಕಟ್ಟಿನಿಂದ ಆಡಲಾಗುತ್ತದೆ. ಇದರ ಅತ್ಯಂತ ಪ್ರಚಲಿತ ರೂಪವಾದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿ ಆಟಗಾರನಿಗೆ ಎರಡು ಗುಪ್ತ ಎಲೆಗಳನ್ನು ಹಂಚಲಾಗುತ್ತದೆ. ಆನಂತರ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆಯಲಾಗುತ್ತದೆ. ಮೊದಲಿಗೆ ಒಟ್ಟಿಗೆ ತೆರೆಯುವ ಮೂರು ಎಲೆಗಳನ್ನು ಫ್ಲಾಪ್, ನಾಲ್ಕನೆಯದನ್ನು ಟರ್ನ್, ಐದನೆಯದನ್ನು ರಿವರ್ ಎಂದು ಕರೆಯುತ್ತಾರೆ. ಗುಪ್ತ ಎಲೆಗಳನ್ನು ಹಂಚಿದ ನಂತರ ಒಮ್ಮೆ ಹಾಗೂ ಈ ಮೂರು ಹಂತಗಳಲ್ಲಿ ತಲಾ ಒಮ್ಮೆ, ಹೀಗೆ ಒಟ್ಟು ನಾಲ್ಕು ಸುತ್ತು ಪಣ ಹೂಡಲು ಅವಕಾಶವಿದೆ.

ತನ್ನ ಸರದಿ ಬಂದಾಗ ಆಟಗಾರನು ಪಣ ಹೂಡದೆ ಸರದಿಯನ್ನು ದಾಟಿಸಬಹುದು (ಚೆಕ್), ಪಣ ಹೂಡಬಹುದು, ಇತರರು ಹೂಡಿದ ಪಣಕ್ಕೆ ಸಮನಾದ ಮೊತ್ತ ಹಾಕಬಹುದು (ಕಾಲ್), ಪಣವನ್ನು ಏರಿಸಬಹುದು (ರೈಸ್) ಅಥವಾ ಎಲೆಗಳನ್ನು ಕೆಳಗಿಟ್ಟು ಹಿಂದೆ ಸರಿಯಬಹುದು (ಫೋಲ್ಡ್). ಪಾಟ್ ಗೆಲ್ಲಲು ಎರಡು ಮಾರ್ಗಗಳಿವೆ: ಕೊನೆಯಲ್ಲಿ ಎಲ್ಲರಿಗಿಂತ ಉತ್ತಮ ಎಲೆಗಳನ್ನು ತೋರಿಸುವುದು ಅಥವಾ ಉಳಿದ ಎಲ್ಲರೂ ಫೋಲ್ಡ್ ಮಾಡುವಂತೆ ಮಾಡುವುದು. ಬ್ಲಫ್ ಎರಡನೆಯ ಮಾರ್ಗಕ್ಕೆ ಸೇರಿದೆ.

## ವಿಧಗಳು

ಶುದ್ಧ ಬ್ಲಫ್: ಎದುರಾಳಿ ಕಾಲ್ ಮಾಡಿದರೆ ಗೆಲ್ಲುವ ಸಾಧ್ಯತೆ ಬಹುತೇಕ ಇಲ್ಲದ ಎಲೆಗಳಿಂದ ಹೂಡುವ ಪಣ. ರಿವರ್ ಹಂತದಲ್ಲಿ ಮುಂದೆ ಯಾವ ಎಲೆಯೂ ತೆರೆಯುವುದಿಲ್ಲವಾದ್ದರಿಂದ ಆ ಹಂತದ ಎಲ್ಲಾ ಬ್ಲಫ್‌ಗಳೂ ಈ ವರ್ಗಕ್ಕೆ ಸೇರುತ್ತವೆ.

ಅರೆ-ಬ್ಲಫ್: ಸದ್ಯಕ್ಕೆ ದುರ್ಬಲವಾಗಿದ್ದರೂ ಮುಂದಿನ ಎಲೆಗಳಿಂದ ಬಲಗೊಳ್ಳಬಹುದಾದ ಎಲೆಗಳಿಂದ ಹೂಡುವ ಪಣ. ಅಮೆರಿಕದ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್‌ಸ್ಕಿ ಈ ಪರಿಕಲ್ಪನೆಯನ್ನು ಹೆಸರಿಸಿ ಪ್ರಚಾರಕ್ಕೆ ತಂದರು. ಉದಾಹರಣೆಗೆ, ಫ್ಲಾಪ್ ನಂತರ ಒಂದೇ ಚಿಹ್ನೆಯ ನಾಲ್ಕು ಎಲೆಗಳಿರುವ ಆಟಗಾರನಿಗೆ ಅದೇ ಚಿಹ್ನೆಯ ಇನ್ನೊಂದು ಎಲೆ ರಿವರ್ ಒಳಗಾಗಿ ದೊರೆಯುವ ಸಾಧ್ಯತೆ ಸುಮಾರು 35%. ಎದುರಾಳಿ ಫೋಲ್ಡ್ ಮಾಡಿದರೆ ತಕ್ಷಣದ ಗೆಲುವು, ಮಾಡದಿದ್ದರೆ ಇನ್ನೊಂದು ಅವಕಾಶ ಇರುವುದರಿಂದ ಇದು ಶುದ್ಧ ಬ್ಲಫ್‌ಗಿಂತ ಕಡಿಮೆ ಅಪಾಯಕಾರಿ.

ಮುಂದುವರಿಕೆ ಪಣ: ಫ್ಲಾಪ್‌ಗೆ ಮೊದಲು ಪಣವನ್ನು ಏರಿಸಿದ ಆಟಗಾರನು, ಫ್ಲಾಪ್ ತನಗೆ ನೆರವಾಗದಿದ್ದರೂ ಮತ್ತೆ ಪಣ ಹೂಡುವುದು. ಆರಂಭದಲ್ಲಿ ತೋರಿದ ಬಲದ ಕಥೆಯನ್ನೇ ಈ ಪಣವು ಮುಂದುವರಿಸುತ್ತದೆ.

## ಲೆಕ್ಕಾಚಾರ

ಶುದ್ಧ ಬ್ಲಫ್ ನಷ್ಟವಿಲ್ಲದೆ ಸರಿದೂಗಲು ಎದುರಾಳಿ ಎಷ್ಟು ಬಾರಿ ಫೋಲ್ಡ್ ಮಾಡಬೇಕು ಎಂಬುದನ್ನು ಸರಳ ಸೂತ್ರದಿಂದ ಕಂಡುಕೊಳ್ಳಬಹುದು. ಹೂಡುವ ಪಣವನ್ನು, ಪಾಟ್ ಮತ್ತು ಪಣ ಎರಡರ ಮೊತ್ತದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಆ ಕನಿಷ್ಠ ಪ್ರಮಾಣ.

- ಪಾಟ್‌ನ ಕಾಲು ಭಾಗದಷ್ಟು ಪಣ: 20%
- ಪಾಟ್‌ನ ಮೂರನೇ ಒಂದು ಭಾಗದಷ್ಟು ಪಣ: 25%
- ಪಾಟ್‌ನ ಅರ್ಧದಷ್ಟು ಪಣ: 33.3%
- ಪಾಟ್‌ನ ಮುಕ್ಕಾಲು ಭಾಗದಷ್ಟು ಪಣ: 42.9%
- ಪಾಟ್‌ಗೆ ಸಮನಾದ ಪಣ: 50%
- ಪಾಟ್‌ನ ಎರಡರಷ್ಟು ಪಣ: 66.7%

ಅಂದರೆ ಪಾಟ್‌ನ ಅರ್ಧದಷ್ಟು ಪಣ ಹೂಡಿದ ಬ್ಲಫ್ ಮೂರರಲ್ಲಿ ಎರಡು ಬಾರಿ ವಿಫಲವಾದರೂ ಆಟಗಾರನಿಗೆ ನಷ್ಟವಾಗುವುದಿಲ್ಲ. ಆದ್ದರಿಂದ ಒಂದು ಬ್ಲಫ್ ಸಿಕ್ಕಿಬಿದ್ದಿತು ಎಂಬ ಕಾರಣಕ್ಕೆ ಅದು ತಪ್ಪು ನಿರ್ಧಾರವಾಗಿತ್ತು ಎನ್ನಲಾಗದು. ಯಶಸ್ವಿಯಾಯಿತು ಎಂಬ ಕಾರಣಕ್ಕೆ ಸರಿಯಾಗಿತ್ತು ಎಂದೂ ಹೇಳಲಾಗದು.

ಎದುರಾಳಿಗಳ ಸಂಖ್ಯೆ ಹೆಚ್ಚಿದಂತೆ ಬ್ಲಫ್ ಫಲಿಸುವ ಸಾಧ್ಯತೆ ವೇಗವಾಗಿ ಕುಸಿಯುತ್ತದೆ. ಪ್ರತಿಯೊಬ್ಬನೂ ಪ್ರತ್ಯೇಕವಾಗಿ 60% ಬಾರಿ ಫೋಲ್ಡ್ ಮಾಡುವನೆಂದು ಭಾವಿಸಿದರೆ, ಇಬ್ಬರೂ ಫೋಲ್ಡ್ ಮಾಡುವ ಸಾಧ್ಯತೆ 36% ಮತ್ತು ಮೂವರೂ ಫೋಲ್ಡ್ ಮಾಡುವ ಸಾಧ್ಯತೆ ಸುಮಾರು 22% ಮಾತ್ರ.

## ಆಟ ಸಿದ್ಧಾಂತದಲ್ಲಿ ಬ್ಲಫ್

ಬ್ಲಫ್ ಕೇವಲ ಮನೋವೈಜ್ಞಾನಿಕ ತಂತ್ರವಲ್ಲ, ಗಣಿತದ ದೃಷ್ಟಿಯಿಂದಲೂ ಅನಿವಾರ್ಯ ಎಂಬುದನ್ನು ಗಣಿತಜ್ಞ ಜಾನ್ ವಾನ್ ನ್ಯೂಮನ್ ತೋರಿಸಿದರು. ಅವರು ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆಗೂಡಿ 1944ರಲ್ಲಿ ಪ್ರಕಟಿಸಿದ ಆಟ ಸಿದ್ಧಾಂತದ ಗ್ರಂಥದಲ್ಲಿ ಪೋಕರ್‌ನ ಸರಳೀಕೃತ ಮಾದರಿಗಳ ವಿಶ್ಲೇಷಣೆಯಿದೆ. ಅದರ ಪ್ರಕಾರ ಬ್ಲಫ್‌ಗೆ ಎರಡು ಪ್ರಯೋಜನಗಳಿವೆ. ಮೊದಲನೆಯದು, ದುರ್ಬಲ ಎಲೆಗಳಿಂದ ಪಾಟ್ ಗೆಲ್ಲುವುದು. ಎರಡನೆಯದು, ಎದುರಾಳಿಯಲ್ಲಿ ಅನುಮಾನ ಉಳಿಸಿ, ಬಲವಾದ ಎಲೆಗಳಿದ್ದಾಗ ಆತ ಕಾಲ್ ಮಾಡುವಂತೆ ನೋಡಿಕೊಳ್ಳುವುದು. ಎಂದೂ ಬ್ಲಫ್ ಮಾಡದ ಆಟಗಾರನ ಪಣವು ಆತನ ಎಲೆಗಳನ್ನು ತೆರೆದು ತೋರಿಸಿದಂತೆಯೇ ಸರಿ.

ಹೆರಾಲ್ಡ್ ಕುನ್ 1950ರಲ್ಲಿ ರಾಜ, ರಾಣಿ ಮತ್ತು ಗುಲಾಮ ಎಂಬ ಮೂರೇ ಎಲೆಗಳಿರುವ ಇಬ್ಬರು ಆಟಗಾರರ ಮಾದರಿಯೊಂದನ್ನು ರಚಿಸಿದರು. ಕುನ್ ಪೋಕರ್ ಎಂದು ಹೆಸರಾದ ಈ ಆಟದಲ್ಲಿ, ಮೊದಲನೆಯವನು ಚೆಕ್ ಮಾಡಿದಾಗ ಎರಡನೆಯವನು ಅತ್ಯಂತ ಕೆಳಗಿನ ಎಲೆಯಾದ ಗುಲಾಮನಿಂದ ಮೂರರಲ್ಲಿ ಒಂದು ಬಾರಿ ಪಣ ಹೂಡುವುದು ಸೂಕ್ತ ತಂತ್ರ. ಮಧ್ಯಮ ಎಲೆಯಾದ ರಾಣಿಯಿಂದ ಬ್ಲಫ್ ಮಾಡುವುದು ಪ್ರಯೋಜನಕಾರಿಯಲ್ಲ. ಏಕೆಂದರೆ ಪಣವಿಲ್ಲದೆಯೇ ಅದು ಗುಲಾಮನನ್ನು ಸೋಲಿಸುತ್ತದೆ ಮತ್ತು ಪಣ ಹೂಡಿದರೆ ರಾಜ ಮಾತ್ರ ಕಾಲ್ ಮಾಡುತ್ತಾನೆ. ಬ್ಲಫ್‌ಗೆ ಮಧ್ಯಮ ಎಲೆಗಳಿಗಿಂತ ತೀರಾ ದುರ್ಬಲ ಎಲೆಗಳೇ ಸೂಕ್ತವೆಂಬ ಸಾಮಾನ್ಯ ನಿಯಮ ಇಲ್ಲಿ ಸ್ಪಷ್ಟವಾಗುತ್ತದೆ.

ಪೂರ್ಣ ಪ್ರಮಾಣದ ಆಟದಲ್ಲಿಯೂ ಇಂತಹ ಸಮತೋಲನವನ್ನು ಲೆಕ್ಕ ಹಾಕಬಹುದು. ರಿವರ್ ಹಂತದಲ್ಲಿ ಪಾಟ್‌ಗೆ ಸಮನಾದ ಪಣ ಹೂಡುವಾಗ ಅಂತಹ ಪಣಗಳಲ್ಲಿ ಮೂರನೇ ಒಂದು ಭಾಗ ಬ್ಲಫ್ ಆಗಿದ್ದರೆ, ಎದುರಾಳಿ ಕಾಲ್ ಮಾಡಿದರೂ ಫೋಲ್ಡ್ ಮಾಡಿದರೂ ಆತನಿಗೆ ಲಾಭ ಹೆಚ್ಚುವುದಿಲ್ಲ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಗಣಕ ಕಾರ್ಯಕ್ರಮವು ನಾಲ್ವರು ವೃತ್ತಿಪರ ಆಟಗಾರರ ವಿರುದ್ಧ 1,20,000 ಆಟಗಳಲ್ಲಿ ಜಯ ಗಳಿಸಿತು. ಮುಖವಿಲ್ಲದ, ಮುಖಭಾವವನ್ನು ಓದಲೂ ಬಾರದ ಯಂತ್ರವು ಬ್ಲಫ್ ಮಾಡಿ ಗೆಲ್ಲಬಲ್ಲದು ಎಂಬುದು ಇದರಿಂದ ಸಾಬೀತಾಯಿತು.

ಆದರೆ ಸಮತೋಲನದ ತಂತ್ರವು ತಪ್ಪು ಮಾಡದ ಎದುರಾಳಿಯನ್ನು ಊಹಿಸಿಕೊಳ್ಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಫೋಲ್ಡ್ ಮಾಡುವವನ ವಿರುದ್ಧ ಬ್ಲಫ್ ಹೆಚ್ಚಿಸುವುದು, ಅಗತ್ಯಕ್ಕಿಂತ ಹೆಚ್ಚು ಕಾಲ್ ಮಾಡುವವನ ವಿರುದ್ಧ ಅದನ್ನು ಕೈಬಿಡುವುದು ಹೆಚ್ಚು ಲಾಭದಾಯಕ. ಕಡಿಮೆ ಪಣದ ಆಟಗಳಲ್ಲಿ ಈ ಎರಡೂ ಬಗೆಯ ಎದುರಾಳಿಗಳು ಒಂದೇ ಮೇಜಿನಲ್ಲಿ ಕಂಡುಬರುತ್ತಾರೆ.

## ಕಡಿಮೆ ಪಣದ ಆಟಗಳ ಸ್ವರೂಪ

ಪ್ರತಿ ಆಟದ ಆರಂಭದಲ್ಲಿ ಇಬ್ಬರು ಆಟಗಾರರು ಎಲೆ ನೋಡುವ ಮುನ್ನವೇ ಹಾಕಬೇಕಾದ ಕಡ್ಡಾಯ ಪಣಕ್ಕೆ ಬ್ಲೈಂಡ್ ಎಂದು ಹೆಸರು. ಆಟದ ಮಟ್ಟವನ್ನು ಸಾಮಾನ್ಯವಾಗಿ ಬ್ಲೈಂಡ್‌ಗಳ ಮೊತ್ತದಿಂದ ಸೂಚಿಸಲಾಗುತ್ತದೆ. ಅಮೆರಿಕದ ಕ್ಯಾಸಿನೊಗಳಲ್ಲಿ 1 ಮತ್ತು 2 ಡಾಲರ್ ಬ್ಲೈಂಡ್‌ಗಳ ಆಟವು ಕಡಿಮೆ ಪಣದ ಆಟಕ್ಕೆ ಸಾಮಾನ್ಯ ಉದಾಹರಣೆಯಾಗಿದೆ.

ಇಂತಹ ಆಟಗಳಲ್ಲಿ ಅನೇಕರು ಮನರಂಜನೆಗಾಗಿ ಬಂದಿರುತ್ತಾರೆ. ಎದುರಾಳಿಯ ಬಳಿ ಏನಿದೆ ಎಂದು ನೋಡುವ ಕುತೂಹಲಕ್ಕೆ ತೆರಬೇಕಾದ ಬೆಲೆ ಅವರಿಗೆ ಅಲ್ಪವೆನಿಸುತ್ತದೆ. ಸೋತರೂ ಮತ್ತೆ ಹಣ ಕೊಟ್ಟು ಆಟ ಮುಂದುವರಿಸಲು ಅವಕಾಶವಿರುತ್ತದೆ. ಹೀಗೆ ದುರ್ಬಲ ಎಲೆಗಳಿಂದಲೂ ಕೊನೆಯವರೆಗೆ ಕಾಲ್ ಮಾಡುವವರನ್ನು ಪೋಕರ್ ಪರಿಭಾಷೆಯಲ್ಲಿ 'ಕಾಲಿಂಗ್ ಸ್ಟೇಷನ್' ಎನ್ನುತ್ತಾರೆ. ಇವರ ವಿರುದ್ಧ ಬ್ಲಫ್ ನಿಷ್ಫಲ. ಬಲವಾದ ಎಲೆಗಳು ಬಂದಾಗ ದೊಡ್ಡ ಪಣ ಹೂಡುವುದೇ ಸರಿಯಾದ ಕ್ರಮ.

ಕ್ಯಾಸಿನೊ ಪ್ರತಿ ಪಾಟ್‌ನಿಂದ ಕಡಿತಗೊಳಿಸುವ ಶುಲ್ಕವೂ ಗಮನಾರ್ಹ. ಪಾಟ್ ಚಿಕ್ಕದಾಗಿದ್ದಾಗ ಈ ಶುಲ್ಕದ ಪ್ರಮಾಣ ಹೆಚ್ಚಾಗಿ ತೋರುತ್ತದೆ. ಆದ್ದರಿಂದ ಕಾಗದದ ಮೇಲೆ ಅಲ್ಪ ಲಾಭ ತೋರುವ ಬ್ಲಫ್, ಶುಲ್ಕ ಕಳೆದ ನಂತರ ನಷ್ಟವಾಗಿ ಪರಿಣಮಿಸಬಹುದು. ಅನೇಕ ಕಡೆ ಫ್ಲಾಪ್ ತೆರೆಯುವ ಮುನ್ನವೇ ಮುಗಿದ ಆಟಕ್ಕೆ ಶುಲ್ಕ ಪಡೆಯುವುದಿಲ್ಲ.

## ಜಾಗರೂಕ ಎದುರಾಳಿಗಳ ವಿರುದ್ಧ

### ಗುರುತಿಸುವಿಕೆ

ಉತ್ತಮ ಎಲೆಗಳಿಗಾಗಿ ಕಾದು, ಹೆಚ್ಚಿನ ಆಟಗಳಲ್ಲಿ ಆರಂಭದಲ್ಲೇ ಫೋಲ್ಡ್ ಮಾಡುವವನನ್ನು 'ಟೈಟ್' ಆಟಗಾರನೆಂದೂ, ಇದು ಅತಿಯಾದಾಗ 'ನಿಟ್' ಎಂದೂ ಕರೆಯುತ್ತಾರೆ. ಆದರೆ ಆರಂಭದ ಜಾಗರೂಕತೆ ಮತ್ತು ಫ್ಲಾಪ್ ನಂತರದ ಜಾಗರೂಕತೆ ಬೇರೆ ಬೇರೆ. ಕೆಲವರು ಆಯ್ದ ಎಲೆಗಳಿಂದ ಮಾತ್ರ ಆಟಕ್ಕಿಳಿಯುತ್ತಾರೆ, ಒಮ್ಮೆ ಇಳಿದ ಮೇಲೆ ಜೋಡಿ ಎಕ್ಕಗಳನ್ನೋ ಜೋಡಿ ರಾಜರನ್ನೋ ಯಾವ ಪಣಕ್ಕೂ ಬಿಟ್ಟುಕೊಡುವುದಿಲ್ಲ. ಇಂತಹವರು ನೋಡಲು ಜಾಗರೂಕರಾದರೂ ಬ್ಲಫ್‌ಗೆ ಸೂಕ್ತರಲ್ಲ. ಬ್ಲಫ್‌ಗೆ ಗುರಿಯಾಗಬಲ್ಲವನು, ಎಲೆಗಳು ಪರವಾಗಿಲ್ಲ ಎನ್ನುವಂತಿದ್ದರೂ ದೊಡ್ಡ ನಷ್ಟದ ಭಯದಿಂದ ಅವುಗಳನ್ನು ಕೈಬಿಡಬಲ್ಲವನು.

ಅಲ್ಪ ವೀಕ್ಷಣೆಯಿಂದ ಎದುರಾಳಿಯನ್ನು ವರ್ಗೀಕರಿಸುವುದು ಅಪಾಯಕಾರಿ. ವಾಸ್ತವದಲ್ಲಿ ಅರ್ಧದಷ್ಟು ಬಾರಿ ಮಾತ್ರ ಫೋಲ್ಡ್ ಮಾಡುವ ಆಟಗಾರನು ಯಾವುದೋ ಹತ್ತು ಸಂದರ್ಭಗಳಲ್ಲಿ ಏಳು ಅಥವಾ ಹೆಚ್ಚು ಬಾರಿ ಫೋಲ್ಡ್ ಮಾಡುವ ಸಾಧ್ಯತೆ ಸುಮಾರು 17%. ಆತನಿಗೆ ಕೆಟ್ಟ ಎಲೆಗಳೇ ಸತತವಾಗಿ ಬಂದದ್ದು ನೋಡುವವನಿಗೆ ಆತನ ಸ್ವಭಾವವೆಂಬಂತೆ ತೋರಬಹುದು.

### ಒಂದು ಉದಾಹರಣೆ

1 ಮತ್ತು 2 ಡಾಲರ್ ಬ್ಲೈಂಡ್‌ಗಳ ಆಟವೊಂದರಲ್ಲಿ, ಎಲ್ಲರಿಗಿಂತ ಕೊನೆಯಲ್ಲಿ ಸರದಿ ಬರುವ ಸ್ಥಾನದಲ್ಲಿರುವ ಆಟಗಾರನು 6 ಮತ್ತು 5 ಎಲೆಗಳನ್ನು ಹಿಡಿದು ಪಣವನ್ನು 6 ಡಾಲರ್‌ಗೆ ಏರಿಸುತ್ತಾನೆ ಎಂದು ಭಾವಿಸಬಹುದು. ದೊಡ್ಡ ಬ್ಲೈಂಡ್ ಹಾಕಿದ್ದ ಜಾಗರೂಕ ಎದುರಾಳಿಯೊಬ್ಬ ಮಾತ್ರ ಕಾಲ್ ಮಾಡುತ್ತಾನೆ. ಚಿಕ್ಕ ಬ್ಲೈಂಡ್‌ನ 1 ಡಾಲರ್ ಸೇರಿ ಪಾಟ್ 13 ಡಾಲರ್ ಆಗುತ್ತದೆ. ಫ್ಲಾಪ್‌ನಲ್ಲಿ ಮೂರು ಬೇರೆ ಬೇರೆ ಚಿಹ್ನೆಗಳ ರಾಜ, 7 ಮತ್ತು 2 ಬರುತ್ತವೆ.

ಎದುರಾಳಿಯು 8ರಿಂದ ಗುಲಾಮನವರೆಗಿನ ಯಾವುದಾದರೊಂದು ಜೋಡಿ, ಎಕ್ಕ-ರಾಣಿ, ಎಕ್ಕ-ಗುಲಾಮ ಅಥವಾ ರಾಜ-ರಾಣಿ ಇದ್ದಾಗ ಮಾತ್ರ ಹೀಗೆ ಕಾಲ್ ಮಾಡುವನೆಂದು ಊಹಿಸಿದರೆ, ಆತನ ಬಳಿ ಇರಬಹುದಾದ ಎಲೆಗಳನ್ನು ಎಣಿಸಬಹುದು. ಪ್ರತಿ ಜೋಡಿಯು 6 ವಿಧಗಳಲ್ಲಿ ಸಾಧ್ಯವಿರುವುದರಿಂದ ನಾಲ್ಕು ಜೋಡಿಗಳಿಗೆ 24. ಎಕ್ಕ-ರಾಣಿ ಮತ್ತು ಎಕ್ಕ-ಗುಲಾಮ ತಲಾ 16ರಂತೆ 32. ಒಂದು ರಾಜ ಮೇಜಿನ ಮೇಲಿರುವುದರಿಂದ ರಾಜ-ರಾಣಿ 12. ಒಟ್ಟು 68 ಸಾಧ್ಯತೆಗಳು.

ಮೊದಲ ಪಣ: ಬ್ಲಫ್ ಮಾಡುವವನು 13 ಡಾಲರ್ ಪಾಟ್‌ಗೆ 5 ಡಾಲರ್ ಹೂಡುತ್ತಾನೆ. ಸರಿದೂಗಲು ಸುಮಾರು 28% ಫೋಲ್ಡ್ ಸಾಕು. ಯಾವ ಜೋಡಿಯೂ ಆಗದ 32 ಸಾಧ್ಯತೆಗಳಲ್ಲಿ ಎದುರಾಳಿ ಫೋಲ್ಡ್ ಮಾಡಿದರೂ ಪ್ರಮಾಣ 47% ಆಗುತ್ತದೆ. ಈ ಪಣದ ಸರಾಸರಿ ಲಾಭ ಸುಮಾರು 3.5 ಡಾಲರ್.

ಎರಡನೆಯ ಪಣ: ಎದುರಾಳಿ ಕಾಲ್ ಮಾಡಿದರೆ ಪಾಟ್ 23 ಡಾಲರ್ ಆಗುತ್ತದೆ ಮತ್ತು 36 ಸಾಧ್ಯತೆಗಳು ಉಳಿಯುತ್ತವೆ. ಟರ್ನ್‌ನಲ್ಲಿ ನಾಲ್ಕನೇ ಚಿಹ್ನೆಯ 2 ಬಂದು ಯಾರಿಗೂ ನೆರವಾಗದಿದ್ದಾಗ, 15 ಡಾಲರ್‌ನ ಬ್ಲಫ್ ಸರಿದೂಗಲು 39.5% ಫೋಲ್ಡ್ ಬೇಕು. ರಾಜನಿಗಿಂತ ಕೆಳಗಿನ 24 ಜೋಡಿಗಳನ್ನೂ ಎದುರಾಳಿ ಕೈಬಿಟ್ಟರೆ ಸರಾಸರಿ 10 ಡಾಲರ್‌ಗೂ ಹೆಚ್ಚು ಲಾಭ. ಅವುಗಳಲ್ಲಿ ಅರ್ಧವನ್ನು ಮಾತ್ರ ಕೈಬಿಟ್ಟರೆ 2 ಡಾಲರ್‌ಗೂ ಹೆಚ್ಚು ನಷ್ಟ. ಇಡೀ ನಿರ್ಧಾರವು ಎದುರಾಳಿ ಮಧ್ಯಮ ಜೋಡಿಗಳನ್ನು ಬಿಡಬಲ್ಲನೇ ಎಂಬ ಒಂದೇ ಪ್ರಶ್ನೆಯ ಮೇಲೆ ನಿಲ್ಲುತ್ತದೆ.

ಮೂರನೆಯ ಪಣ: ಮಧ್ಯಮ ಜೋಡಿಗಳನ್ನು ಬಿಡುವ ಎದುರಾಳಿಯೇ ಟರ್ನ್‌ನಲ್ಲಿಯೂ ಕಾಲ್ ಮಾಡಿದ್ದರೆ, ಆತನ ಬಳಿ ರಾಜ-ರಾಣಿಯ 12 ಸಾಧ್ಯತೆಗಳು ಮಾತ್ರ ಉಳಿದಿರುತ್ತವೆ. ಪಾಟ್ ಈಗ 53 ಡಾಲರ್ ಇದ್ದು ಆಕರ್ಷಕವಾಗಿ ಕಂಡರೂ, 40 ಡಾಲರ್‌ನ ಬ್ಲಫ್‌ಗೆ 43% ಫೋಲ್ಡ್ ಬೇಕಾಗುತ್ತದೆ. ರಾಜರ ಜೋಡಿಯನ್ನು ಆತ ಬಿಡದಿದ್ದರೆ ಅಷ್ಟೂ ಹಣ ವ್ಯರ್ಥ.

ಈ ಲೆಕ್ಕದಲ್ಲಿ ಎದುರಾಳಿಯು ಪಣ ಏರಿಸುವ ಸಾಧ್ಯತೆ ಮತ್ತು ಕ್ಯಾಸಿನೊ ಶುಲ್ಕವನ್ನು ಪರಿಗಣಿಸಿಲ್ಲ. ಆದರೂ ಸಾಮಾನ್ಯ ತತ್ವ ಸ್ಪಷ್ಟವಾಗಿದೆ: ಜಾಗರೂಕ ಆಟಗಾರನು ಪ್ರತಿ ಬಾರಿ ಕಾಲ್ ಮಾಡಿದಾಗಲೂ ಆತನ ದುರ್ಬಲ ಎಲೆಗಳು ಜರಡಿಯಿಂದ ಬಿದ್ದುಹೋಗಿ ಬಲವಾದವು ಮಾತ್ರ ಉಳಿಯುತ್ತವೆ, ಅದೇ ವೇಳೆಗೆ ಬ್ಲಫ್‌ನ ವೆಚ್ಚ ಏರುತ್ತದೆ. ಆದ್ದರಿಂದ ಆತನ ವಿರುದ್ಧ ಆರಂಭದ ಚಿಕ್ಕ ಪಾಟ್‌ಗಳಿಗೆ ಪದೇ ಪದೇ ಪಣ ಹೂಡಿ, ಪ್ರತಿರೋಧ ಕಂಡೊಡನೆ ನಿಲ್ಲಿಸುವುದನ್ನು ಸರಿಯಾದ ಕ್ರಮವೆಂದು ಪರಿಗಣಿಸಲಾಗುತ್ತದೆ.

### ಅನುಕೂಲಕರ ಸಂದರ್ಭಗಳು

- ಒಬ್ಬನೇ ಎದುರಾಳಿ: ಜಾಗರೂಕ ಆಟಗಾರನ ಜೊತೆಗೆ ಕಾಲಿಂಗ್ ಸ್ಟೇಷನ್ ಒಬ್ಬನಿದ್ದರೂ ಬ್ಲಫ್‌ನ ಆಧಾರವೇ ಕುಸಿಯುತ್ತದೆ.
- ಕೊನೆಯ ಸರದಿ: ಎದುರಾಳಿಯ ನಡೆಯನ್ನು ಮೊದಲು ನೋಡಿ ನಿರ್ಧರಿಸುವ ಅವಕಾಶ ಸಿಗುತ್ತದೆ. ಆತ ಚೆಕ್ ಮಾಡುವುದು ಹಲವು ಬಾರಿ ದೌರ್ಬಲ್ಯದ ಸೂಚನೆ.
- ಭಯ ಹುಟ್ಟಿಸುವ ಎಲೆ: ಜೋಡಿ ರಾಜರನ್ನು ಹಿಡಿದವನಿಗೆ ಫ್ಲಾಪ್‌ನಲ್ಲಿ ಕನಿಷ್ಠ ಒಂದು ಎಕ್ಕ ಎದುರಾಗುವ ಸಾಧ್ಯತೆ ಸುಮಾರು 23%. ಆರಂಭದಿಂದಲೂ ಬಲ ತೋರಿದ ಆಟಗಾರನ ಬಳಿ ಎಕ್ಕವಿದೆಯೆಂದು ಜಾಗರೂಕ ಎದುರಾಳಿ ಸುಲಭವಾಗಿ ನಂಬುತ್ತಾನೆ.
- ತಡೆ ಎಲೆಗಳು: ಎದುರಾಳಿಗೆ ಬೇಕಾದ ಎಲೆಯು ಬ್ಲಫ್ ಮಾಡುವವನ ಬಳಿಯೇ ಇದ್ದರೆ ಎದುರಾಳಿಯ ಬಲವಾದ ಸಾಧ್ಯತೆಗಳು ಕಡಿಮೆಯಾಗುತ್ತವೆ. ಎಕ್ಕ, ರಾಜ, ರಾಣಿಗಳ ಜೋಡಿಗಳು ಮತ್ತು ಎಕ್ಕ-ರಾಜ ಸೇರಿ 34 ಸಾಧ್ಯತೆಗಳಿವೆ. ಒಂದು ಎಕ್ಕ ಕೈಯಲ್ಲಿದ್ದರೆ ಇವು 27ಕ್ಕೆ ಇಳಿಯುತ್ತವೆ.
- ಸುಸಂಬದ್ಧ ಕಥೆ: ಆರಂಭದಿಂದ ಕೊನೆಯವರೆಗಿನ ಪಣಗಳು ಒಂದೇ ಬಗೆಯ ಬಲವಾದ ಎಲೆಗಳನ್ನು ಸೂಚಿಸಬೇಕು. ಆಟವನ್ನು ಗಮನಿಸುವ ಎದುರಾಳಿಗೆ ಮಾತ್ರ ಈ ಕಥೆ ಅರ್ಥವಾಗುತ್ತದೆ.

### ಪ್ರತಿಕೂಲ ಸಂದರ್ಭಗಳು

ಜಾಗರೂಕ ಆಟಗಾರನು ತಾನೇ ಪಣ ಏರಿಸಿದಾಗ ಬ್ಲಫ್ ಸಾಮಾನ್ಯವಾಗಿ ಮುಗಿದಂತೆಯೇ. ಮೇಲೆ ಹೇಳಿದ 34 ಸಾಧ್ಯತೆಗಳಿದ್ದಾಗ ಮಾತ್ರ ಫ್ಲಾಪ್‌ಗೆ ಮೊದಲು ಮರು-ಏರಿಕೆ ಮಾಡುವ ಆಟಗಾರನು, ಒಟ್ಟು 1,326 ಸಾಧ್ಯತೆಗಳಲ್ಲಿ ಕೇವಲ 2.6% ಬಾರಿ ಹಾಗೆ ಮಾಡುತ್ತಾನೆ. ಎದುರಾಳಿಯ ಬಳಿ ಉಳಿದಿರುವ ಹಣ ಪಾಟ್‌ಗಿಂತ ತೀರಾ ಕಡಿಮೆಯಿದ್ದಾಗಲೂ ಆತ ಫೋಲ್ಡ್ ಮಾಡುವ ಸಂಭವ ಕಡಿಮೆ. ದೊಡ್ಡ ಮೊತ್ತ ಸೋತು ಅದನ್ನು ಮರಳಿ ಪಡೆಯುವ ಹಟದಲ್ಲಿರುವ ಆಟಗಾರನು ಅಂದಿನ ಮಟ್ಟಿಗೆ ಜಾಗರೂಕನಾಗಿ ಉಳಿದಿರುವುದಿಲ್ಲ. ಹಾಗೆಯೇ ಒಮ್ಮೆ ಬ್ಲಫ್ ಬಯಲಾದ ನಂತರ ಎಚ್ಚರಿಕೆಯ ಎದುರಾಳಿಯೂ ಹೆಚ್ಚು ಕಾಲ್ ಮಾಡತೊಡಗಬಹುದು. ಆಗ ಬ್ಲಫ್ ಕಡಿಮೆ ಮಾಡಿ ಬಲವಾದ ಎಲೆಗಳಿಂದ ಪಣ ಹೂಡುವುದು ಲಾಭಕರ.

## ಪ್ರಸಿದ್ಧ ಉದಾಹರಣೆ

2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಸ್ಪರ್ಧೆಯಲ್ಲಿ, ಅಂತರಜಾಲದ ಅರ್ಹತಾ ಪಂದ್ಯದ ಮೂಲಕ ಪ್ರವೇಶ ಪಡೆದಿದ್ದ ಹವ್ಯಾಸಿ ಆಟಗಾರ ಕ್ರಿಸ್ ಮನಿಮೇಕರ್, ಅಂತಿಮ ಹಂತದಲ್ಲಿ ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ ವಿರುದ್ಧ ಮಾಡಿದ ಬ್ಲಫ್ ಪ್ರಸಿದ್ಧವಾಗಿದೆ. ಮನಿಮೇಕರ್ ಬಳಿ ರಾಜ ಮತ್ತು 7, ಫರ್ಹಾ ಬಳಿ ರಾಣಿ ಮತ್ತು 9 ಇದ್ದವು. ಮೇಜಿನ ಮೇಲೆ 9, 2, 6, 8 ಮತ್ತು 3 ತೆರೆದಿದ್ದವು. ಟರ್ನ್ ಹಂತದಲ್ಲಿ ಮನಿಮೇಕರ್‌ಗೆ ಎಲೆಗಳು ಬಲಗೊಳ್ಳುವ ಹಲವು ಅವಕಾಶಗಳಿದ್ದವು. ರಿವರ್‌ನಲ್ಲಿ ಯಾವುದೂ ಕೈಗೂಡಲಿಲ್ಲ. ಆದರೂ ಅವರು ತಮ್ಮ ಬಳಿಯಿದ್ದ ಎಲ್ಲವನ್ನೂ ಪಣಕ್ಕಿಟ್ಟರು. ಜೋಡಿ 9 ಹೊಂದಿದ್ದ ಫರ್ಹಾ ದೀರ್ಘವಾಗಿ ಯೋಚಿಸಿ ಫೋಲ್ಡ್ ಮಾಡಿದರು. ಮನಿಮೇಕರ್ ಸ್ಪರ್ಧೆಯನ್ನು ಗೆದ್ದು 25 ಲಕ್ಷ ಡಾಲರ್ ಬಹುಮಾನ ಪಡೆದರು.

ಸೋತವರು ಮರಳಿ ಪ್ರವೇಶಿಸಲಾಗದ ಸ್ಪರ್ಧೆಯ ಅಂತಿಮ ಘಟ್ಟದಲ್ಲಿ ಫೋಲ್ಡ್ ಮಾಡಲು ಬಲವಾದ ಕಾರಣವಿರುತ್ತದೆ. 1 ಮತ್ತು 2 ಡಾಲರ್‌ಗಳ ಮೇಜಿನಲ್ಲಿ ಅಂತಹ ಒತ್ತಡವಿರುವುದಿಲ್ಲ. ಆದ್ದರಿಂದ ದೂರದರ್ಶನದಲ್ಲಿ ಕಂಡ ಇಂತಹ ಬ್ಲಫ್‌ಗಳನ್ನು ಕಡಿಮೆ ಪಣದ ಆಟಗಳಲ್ಲಿ ಅನುಕರಿಸುವುದು ಹಲವು ಬಾರಿ ನಷ್ಟಕ್ಕೆ ದಾರಿಯಾಗುತ್ತದೆ.

## ನಿಯಮಗಳು

ಬ್ಲಫ್ ಪೋಕರ್‌ನ ನಿಯಮಬದ್ಧ ಅಂಗವಾಗಿದ್ದು, ಅದನ್ನು ಮೋಸವೆಂದು ಪರಿಗಣಿಸುವುದಿಲ್ಲ. ಇಬ್ಬರು ಆಟಗಾರರು ಗುಟ್ಟಾಗಿ ಹೊಂದಿಕೊಂಡು ಆಡುವುದು, ಎಲೆಗಳಿಗೆ ಗುರುತು ಹಾಕುವುದು ಅಥವಾ ಇತರರ ಎಲೆಗಳನ್ನು ಕದ್ದು ನೋಡುವುದು ಮೋಸವಾಗುತ್ತದೆ. ಎಲ್ಲರೂ ಫೋಲ್ಡ್ ಮಾಡಿದ ನಂತರ ಗೆದ್ದವನು ತನ್ನ ಎಲೆಗಳನ್ನು ತೋರಿಸಬೇಕೆಂಬ ಕಡ್ಡಾಯವಿಲ್ಲ.

## ಭಾರತದಲ್ಲಿ ಕಾನೂನು ಸ್ಥಿತಿ

ಭಾರತದಲ್ಲಿ ಪೋಕರ್ ಕೌಶಲದ ಆಟವೇ ಅಥವಾ ಅದೃಷ್ಟದ ಆಟವೇ ಎಂಬ ಪ್ರಶ್ನೆಗೆ ನ್ಯಾಯಾಲಯಗಳು ಭಿನ್ನ ಉತ್ತರಗಳನ್ನು ನೀಡಿವೆ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿಯ ಅಗತ್ಯವಿಲ್ಲವೆಂಬ ನಿಲುವು ತಳೆಯಿತು. 2017ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು ಅದನ್ನು ಜೂಜೆಂದು ಪರಿಗಣಿಸಿತು. ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ನಿಷೇಧವನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು, ಕೌಶಲ ಅಥವಾ ಅದೃಷ್ಟ ಎಂಬ ಭೇದವಿಲ್ಲದೆ, ಹಣವಿಟ್ಟು ಆಡುವ ಎಲ್ಲಾ ಆನ್‌ಲೈನ್ ಆಟಗಳ ನಿಷೇಧಕ್ಕೆ ಅವಕಾಶ ಕಲ್ಪಿಸಿದೆ.